ಮೈಸೂರಲ್ಲಿ ಜನ ಗಾಡಿ ಬಿಟ್ಟು ಬಸ್ಸು, ಸೈಕಲ್ಲಿಗೆ ಬರ್ಬೇಕಂದ್ರೆ ಮೊದ್ಲು ಏನ್ ಕೇಳೋದು?

ವರ್ಕ್‌ಶಾಪ್_ಮಗ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ, ಯಾಕಂದ್ರೆ ಇದನ್ನ ನಿಜವಾಗ್ಲೂ ಬರೆದು ಕೊಡ್ಬೇಕಾಗಿದೆ.

ನಾವಿರೋದು ಕುವೆಂಪುನಗರದ ಹತ್ರ. ಬಡಾವಣೆ ಸಂಘದಿಂದ ಊರಿನ ಓಡಾಟದ ಬಗ್ಗೆ ಒಂದು ಮನವಿ ಕೊಡೋಣ ಅಂತ ತೀರ್ಮಾನ ಆಯ್ತು, ಬರೆಯೋ ಕೆಲ್ಸ ನಂಗೆ ಬಂತು. ಮೀಟಿಂಗಲ್ಲಿ ಹದಿನೈದು ಜನ ಇದ್ರು, ಹೆಚ್ಚು ಕಮ್ಮಿ ಎಲ್ರೂ ಕೇಳಿದ್ದು ಎರಡೇ ಎರಡು, ಸರ್ಕಲ್ಲುಗಳಿಗೆ ಫ್ಲೈಓವರ್ ಬೇಕು, ಪೇಟೆ ಒಳಗೆ ಬಹುಮಹಡಿ ಪಾರ್ಕಿಂಗ್ ಬೇಕು. ನಾನೊಬ್ನೇ ಎದ್ದು ನಿಂತು, ಅಲ್ಲ ಸಾರ್ ಗಾಡಿನೇ ಕಮ್ಮಿ ಆಗೋ ದಾರಿ ಯಾಕೆ ಕೇಳ್ಬಾರ್ದು ಅಂದೆ. ಒಬ್ರು ಹಿರಿಯರು ತುಂಬಾ ಸಮಾಧಾನವಾಗೇ ಕೇಳಿದ್ರು, "ಸರಿ ಕಣಪ್ಪ, ನೀನು ಹೆಂಗೆ ಹೋಗ್ತೀಯ ಕೆಲ್ಸಕ್ಕೆ?" ನಾನು ಹೋಗೋದು ಸ್ಕೂಟರಲ್ಲಿ. ಅದನ್ನೇ ಹೇಳ್ದೆ.

ಯಾಕೆ ಸ್ಕೂಟರ್ ಅಂದ್ರೆ, ಕೆಲ್ಸ ಇರೋದು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ. ರಿಂಗ್ ರೋಡ್ ಹಿಡಿದು ಬೋಗಾದಿ, ಹಿನಕಲ್ ಮೇಲೆ ಹೋದ್ರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಬಸ್ಸಲ್ಲಾದ್ರೆ ಮೊದ್ಲು ಅರಮನೆ ಪಕ್ಕದ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಇಳಿದು, ಅಲ್ಲಿಂದ ಇನ್ನೊಂದು ಬಸ್ ಹಿಡೀಬೇಕು, ಎಲ್ಲಾ ಸೇರಿ ಒಂದೂಕಾಲು ಗಂಟೆ. ಒಂದು ತಿಂಗಳು ಹಟ ಹಿಡಿದು ಬಸ್ಸಲ್ಲೇ ಹೋದೆ. ಮೂರು ಸಲ ಲೇಟ್ ಪಂಚ್ ಆಯ್ತು, ಒಂದಿನದ ಅರ್ಧ ಸಂಬಳ ಹೋಯ್ತು, ಬಿಟ್ಟೆ.

ನಮ್ಮಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಇದ್ದೋರು. ಅವ್ರ ಕಾಲದಲ್ಲಿ ಬೆಳಿಗ್ಗೆ ಸೈರನ್ ಆಗೋ ಹೊತ್ತಿಗೆ ಗೇಟ್ ಮುಂದೆ ಬರೀ ಸೈಕಲ್ಲೇ ಅಂತೆ, ಊಟದ ಕ್ಯಾರಿಯರ್ ಹ್ಯಾಂಡಲ್ಲಿಗೆ ನೇತಾಕ್ಕೊಂಡು ಬರೋರು. ಈಗ ಅವರಿಗೆ 71, ಸೈಕಲ್ ಶೆಡ್ಡಲ್ಲಿ ಹಂಗೇ ನಿಂತಿದೆ, ಟೈರು ಬಿರುಕು ಬಿಟ್ಟಿದೆ. ಓಡಿಸೋಕೆ ಶಕ್ತಿ ಇಲ್ಲ ಅಂತಲ್ಲ, ಮೇನ್ ರೋಡ್ ದಾಟೋಕೆ ಭಯ. ಮಗಳು ಎಂಟನೇ ಕ್ಲಾಸು, ಸ್ಕೂಲು ಒಂದೂವರೆ ಕಿಲೋಮೀಟರ್ ಕೂಡ ಇಲ್ಲ, ಅವಳನ್ನೂ ನಾನೇ ಸ್ಕೂಟರಲ್ಲಿ ಬಿಡ್ತೀನಿ. ಅಜ್ಜ, ಅಪ್ಪ, ಮೊಮ್ಮಗಳು ಮೂರು ಜನದ ಓಡಾಟಾನೂ ಒಂದು ಸ್ಕೂಟರ್ ಮೇಲೆ ನಿಂತುಬಿಟ್ಟಿದೆ, ಇದು ನಂಗೆ ಬಹಳ ಬೇಜಾರು.

ಟ್ರಿನ್ ಟ್ರಿನ್ ಅಂತ ಊರಲ್ಲಿ ಬಾಡಿಗೆ ಸೈಕಲ್ ಯೋಜನೆ 2017ರ ಜೂನಲ್ಲಿ ಶುರುವಾದಾಗ ನಾನು ಮೊದಲ ವಾರದಲ್ಲೇ ಕಾರ್ಡ್ ಮಾಡಿಸಿದ್ದೆ. ಚೆನ್ನಾಗೇ ಇತ್ತು, ಅರಮನೆ, ಝೂ ಕಡೆ ಓಡಾಡೋಕೆ. ಆದ್ರೆ ಸೈಕಲ್ ಕೊಟ್ರು, ಸೈಕಲ್ ಓಡ್ಸೋಕೆ ರಸ್ತೆಯಲ್ಲಿ ಜಾಗ ಕೊಡ್ಲಿಲ್ಲ.

ಪ್ರಶ್ನೆ ಇಷ್ಟು. ಎಲ್ಲಾ ಒಟ್ಟಿಗೆ ಕೇಳಿದ್ರೆ ಯಾವ್ದೂ ಆಗಲ್ಲ ಅಂತ ಗೊತ್ತು. ಮೊದ್ಲು ಬಸ್ಸಾ, ಫುಟ್‌ಪಾತಾ, ಸೈಕಲ್ ಲೇನಾ, ಇಲ್ಲ ಪಾರ್ಕಿಂಗಿಗೆ ದುಡ್ಡು ಹಾಕೋದಾ? ಬೇರೆ ಊರಲ್ಲಿ ಯಾವ ಕ್ರಮದಲ್ಲಿ ಮಾಡಿದ್ರು? ನೀವು ಕಣ್ಣಾರೆ ಕಂಡಿದ್ದು ಹೇಳಿದ್ರೆ ಪತ್ರಕ್ಕೆ ಬಲ ಬರುತ್ತೆ.

---

ಐನೂರುಡಿ_ಪ್ರಯಾಣಿಕ

ಬೆಂಗಳೂರಿಂದ ಬರೀತಿದೀನಿ, ಇಲ್ಲಿ ಬಸ್ಸಲ್ಲೇ ಹದಿನೆಂಟು ವರ್ಷ ಓಡಾಡಿದೀನಿ. ನೀವು ಕೇಳಿರೋ ಪ್ರಶ್ನೆ ಸರಿಯಾಗಿದೆ, ನಮ್ಮೂರು ಇದನ್ನ ಕೇಳ್ಕೊಳ್ಳೋ ಹೊತ್ತಿಗೆ ಲೇಟಾಗಿತ್ತು. ಇವತ್ತು ಬೆಂಗಳೂರಲ್ಲಿ ನೋಂದಣಿ ಆಗಿರೋ ಗಾಡಿ ಒಂದು ಕೋಟಿ ದಾಟಿದೆ, ಅಷ್ಟು ಫ್ಲೈಓವರ್ ಕಟ್ಟಿದ್ಮೇಲೂ. ಒಂದು ಫ್ಲೈಓವರ್ ಆದ್ರೆ ಟ್ರಾಫಿಕ್ ಮುಂದಿನ ಸಿಗ್ನಲ್ಲಿಗೆ ಹೋಗಿ ನಿಲ್ಲುತ್ತೆ, ಆಮೇಲೆ ಅಲ್ಲೊಂದು ಫ್ಲೈಓವರ್ ಕೇಳ್ತಾರೆ.

ನಿಮ್ಮ ಸಮಸ್ಯೆಗೆ ನೇರ ಉತ್ತರ ಅಂದ್ರೆ ಬಸ್ಸಿನ ರೂಟು. ಮೈಸೂರಲ್ಲಿ ಬಹುತೇಕ ಬಸ್ಸು ಊರ ನಡುವಿನ ಒಂದೇ ನಿಲ್ದಾಣಕ್ಕೆ ಬಂದು ಸೇರ್ತವೆ, ಛತ್ರಿ ಕಡ್ಡಿ ಥರ. ಪೇಟೆಗೆ ಹೋಗೋರಿಗೆ ಅದು ಸರಿ, ಆದ್ರೆ ಈಗ ಕೆಲ್ಸ ಇರೋದು ಊರ ಅಂಚಲ್ಲಿ, ಹೆಬ್ಬಾಳು, ಹೂಟಗಳ್ಳಿ ಕಡೆ. ಇಲ್ಲಿ ಬೆಂಗಳೂರಲ್ಲಿ 500 ಸೀರೀಸ್ ಬಸ್ಸು ಮೆಜೆಸ್ಟಿಕ್ ಮುಟ್ಟದೇನೇ ಔಟರ್ ರಿಂಗ್ ರೋಡಲ್ಲೇ ಓಡ್ತವೆ. ಹೆಬ್ಬಾಳದಲ್ಲಿ (ನಮ್ಮ ಹೆಬ್ಬಾಳ) ಹತ್ತಿದೋನು ಮಾರತ್ತಹಳ್ಳಿಗೋ ಸಿಲ್ಕ್ ಬೋರ್ಡಿಗೋ ಬಸ್ ಬದಲಿಸದೆ ಹೋಗ್ತಾನೆ. ಒಂದು ಬಸ್ ಹೋದ್ರೆ ಹಿಂದೆ ಇನ್ನೊಂದು ಬರುತ್ತೆ ಅನ್ನೋ ಧೈರ್ಯ ಇರೋದ್ರಿಂದ ಟೈಮ್ ನೋಡದೆ ಸ್ಟಾಪಿಗೆ ಬರ್ತೀವಿ. ಆ ಧೈರ್ಯ ಹುಟ್ಟಬೇಕಂದ್ರೆ ಹತ್ತು ನಿಮಿಷಕ್ಕೊಂದು ಬಸ್ ಬೇಕೇ ಬೇಕು, ಅರ್ಧ ಗಂಟೆಗೊಂದು ಬಸ್ಸಿದ್ರೆ ಅದು ಬೇರೆ ಗತಿ ಇಲ್ಲದೋರಿಗೆ ಮಾತ್ರ. ನಿಮ್ಮ ರಿಂಗ್ ರೋಡು ಸುಮಾರು 42 ಕಿಲೋಮೀಟರ್ ಇದೆ, ಅಗಲ ಇದೆ, ಶ್ರೀರಾಂಪುರದಿಂದ ಹೆಬ್ಬಾಳದವರೆಗೆ ಒಂದು ತುಂಡಲ್ಲಿ ಹತ್ತು ನಿಮಿಷಕ್ಕೊಂದು ಬಸ್ ಹಾಕಿ ಅಂತ ಕೇಳಿ. ಇದಕ್ಕೆ ಸೇತುವೆ, ಕಂಬ, ಭೂಸ್ವಾಧೀನ ಏನೂ ಬೇಡ. ನಮ್ಮ ಮೆಟ್ರೋ ನೋಡಿ, 2011ರ ಅಕ್ಟೋಬರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ಗೆ ಮೊದಲ ರೈಲು ಓಡ್ತು, ಅದೇ ನೇರಳೆ ಲೈನ್ ವೈಟ್‌ಫೀಲ್ಡಿಂದ ಚಲ್ಲಘಟ್ಟದವರೆಗೆ ಪೂರ್ತಿ ಆಗೋ ಹೊತ್ತಿಗೆ 2023ರ ಅಕ್ಟೋಬರ್. ಮೆಟ್ರೋ ಬೇಡ ಅಂತಿಲ್ಲ, ಪೂರ್ತಿ ಆದ್ಮೇಲೆ ನನ್ನ ಎಷ್ಟೋ ಸ್ನೇಹಿತರು ಕಾರು ತೆಗೆಯೋದೇ ಬಿಟ್ರು. ಆದ್ರೆ ಒಂದು ಮಗು ಹುಟ್ಟಿ ಏಳನೇ ಕ್ಲಾಸಿಗೆ ಬರೋಷ್ಟು ಕಾಲ ಆಯ್ತು. ಬಸ್ ರೂಟ್ ಬದಲಾಯಿಸೋಕೆ ಮನಸ್ಸು ಮಾಡಿದ್ರೆ ತಿಂಗಳುಗಳು ಸಾಕು.

ಇನ್ನು ಬಸ್ ಮೊದ್ಲಾ ದುಡ್ಡು ಮೊದ್ಲಾ ಅನ್ನೋದು. ಸ್ಟಾಕ್‌ಹೋಮಲ್ಲಿ ಊರೊಳಗೆ ಬರೋ ಗಾಡಿಗೆ ಶುಲ್ಕ ಹಾಕೋ ಪ್ರಯೋಗ 2006ರ ಜನವರಿಯಲ್ಲಿ ಶುರು ಮಾಡಿದ್ರು, ಆದ್ರೆ ಹೆಚ್ಚುವರಿ ಬಸ್ ಬಿಟ್ಟಿದ್ದು ಅದಕ್ಕೂ ಮುಂಚೆ, 2005ರ ಆಗಸ್ಟಲ್ಲೇ. ಜನಕ್ಕೆ ಮೊದ್ಲು ದಾರಿ ತೋರ್ಸಿ ಆಮೇಲೆ ದುಡ್ಡು ಕೇಳಿದ್ರು. ಊರೊಳಗೆ ಬರೋ ಗಾಡಿ ಸುಮಾರು ಐದರಲ್ಲೊಂದು ಪಾಲು ಕಮ್ಮಿ ಆಯ್ತು. ಶುರುವಲ್ಲಿ ವಿರೋಧ ಮಾಡಿದ್ದ ಊರೇ ಆ ವರ್ಷ ಸೆಪ್ಟೆಂಬರಲ್ಲಿ ಮತ ಹಾಕಿ ಇರ್ಲಿ ಅಂತು. ಲಂಡನ್ನಲ್ಲೂ 2003ರಲ್ಲಿ ಶುಲ್ಕ ಶುರುವಾದಾಗ ಜೊತೆಗೇ ಸುಮಾರು 300 ಬಸ್ ಜಾಸ್ತಿ ಬಿಟ್ರು.

ಒಂದು ಎಚ್ಚರಿಕೆ ಹೇಳ್ಬೇಕು. 2019ರಲ್ಲಿ ನಮ್ಮ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ತನಕ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ರು, ಪಕ್ಕದಲ್ಲಿ ಕಂಬ ನೆಟ್ಟು. ನಾನು ದಿನಾ ಅದರಲ್ಲೇ ಹೋಗ್ತಿದ್ದೆ. ಎಡಗಡೆ ಕಿಟಕಿಗೆ ಮರ ಸರ್ರನೆ ಹೋಗ್ತಿತ್ತು, ಬಲಗಡೆ ಕಾರುಗಳು ನಿಂತಲ್ಲೇ ನಿಂತಿರೋವು, ಆ ಬಸ್ಸಲ್ಲಿ ನಿಂತಿರೋ ಎಪ್ಪತ್ತು ಜನಕ್ಕೂ ಮೊದಲ ಸಲ ಮರ್ಯಾದೆ ಸಿಕ್ಕಿದ ಹಂಗೆ ಅನ್ನಿಸ್ತಿತ್ತು. ಆಮೇಲೆ ಕಂಬ ಒಂದೊಂದೇ ಮುರೀತು, ಬೈಕು ನುಗ್ಗಿದ್ವು, ಕೊನೆಗೆ ಮೆಟ್ರೋ ಕಾಮಗಾರಿಗೆ ಲೇನೇ ಹೋಯ್ತು. ಹಾಗಾಗಿ ಲೇನ್ ಕೇಳಿದ್ರೆ ಅದನ್ನ ಕಾಯೋರು ಯಾರು ಅಂತಾನೂ ಪತ್ರದಲ್ಲಿ ಬರೀರಿ.

---

ಕಂಕನಾಡಿ_ಕಿಟ್ಟಣ್ಣ

ಸಣ್ಣದೊಂದು ಸೇರಿಸ್ತೇನೆ. ನಮ್ಮ ಮಂಗಳೂರಲ್ಲಿ ಸಿಟಿ ಬಸ್ಸು ಹೆಚ್ಚಿನದ್ದು ಖಾಸಗಿಯವರದ್ದು, ಒಂದು ಹೋದ ಮೇಲೆ ಇನ್ನೊಂದಕ್ಕೆ ಕಾಯ್ಲಿಕ್ಕೇ ಇಲ್ಲ, ಸ್ಟೇಟ್‌ಬ್ಯಾಂಕಿಗೆ ಹೋಗ್ಲಿಕ್ಕೆ ಗಡಿಯಾರ ನೋಡುವ ಅಭ್ಯಾಸವೇ ನಮಗಿಲ್ಲ. ಮೇಲಿನವರು ಹೇಳಿದ ಧೈರ್ಯ ಅಂದ್ರೆ ಅದೇ. ಆದ್ರೆ ದಿನದ ಕಲೆಕ್ಷನ್ ಮೇಲೆ ಓಡುವ ಬಸ್ಸಾದ ಕಾರಣ ಮುಂದಿನ ಬಸ್ಸನ್ನು ಹಿಡಿಯುವ ಗಡಿಬಿಡಿ ಡ್ರೈವರಿಗೆ ಯಾವಾಗ್ಲೂ ಉಂಟು, ಸ್ಟಾಪಲ್ಲಿ ಅಜ್ಜ ಅಜ್ಜಿಯಂದಿರು ಕಾಲಿಡುವ ಮೊದ್ಲೇ ಸೀಟಿ ಊದಿ ಆಗಿರ್ತದೆ. ರಾತ್ರಿ ಎಂಟೂವರೆ ಆದ ಮೇಲೆ ಜನ ಕಡಿಮೆ, ಕಲೆಕ್ಷನ್ ಕಡಿಮೆ, ಬಸ್ಸೂ ಕಡಿಮೆ. ಹಾಗಾಗಿ ನೀವು ಹತ್ತು ನಿಮಿಷಕ್ಕೊಂದು ಬಸ್ ಕೇಳುವಾಗ ಕೊನೇ ಬಸ್ ಎಷ್ಟು ಗಂಟೆಗೆ ಅಂತಲೂ ಕೇಳಿ ಮಾರಾಯ್ರೆ. ಬರುವಾಗ ಬಸ್ಸಿಲ್ಲ ಅಂತಾದ್ರೆ ಹೋಗುವಾಗಲೂ ಬೈಕೇ ತೆಗೀತಾರೆ.

---

ಸರಸ್ವತಿಪುರಂ_ಸಿಸ್ಟರ್

ಕೊನೇ ಬಸ್ಸಿನ ಮಾತು ನೂರಕ್ಕೆ ನೂರು ನಿಜ. ನಾನು ನರ್ಸ್, ಮೈಸೂರಲ್ಲೇ ಇರೋದು, ಮಧ್ಯಾಹ್ನದ ಶಿಫ್ಟ್ ಮುಗ್ಯೋದು ರಾತ್ರಿ ಎಂಟೂವರೆಗೆ, ಹ್ಯಾಂಡೋವರ್ ಕೊಟ್ಟು ಹೊರಗೆ ಬರೋ ಹೊತ್ತಿಗೆ ಒಂಬತ್ತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ್ಮೇಲೆ ನಮ್ಮ ವಾರ್ಡಿನ ಆಯಾಗಳು, ಕ್ಲೀನಿಂಗ್ ಅಕ್ಕಂದಿರು ಎಲ್ಲಾ ಬಸ್ಸಿಗೆ ಬಂದ್ರು. ಒಬ್ಬಕ್ಕ ಅಲ್ಲೀತನಕ ಟಿಕೆಟ್ ದುಡ್ಡು ಉಳಿಸೋಕೆ ನಾಲ್ಕು ಕಿಲೋಮೀಟರ್ ನಡ್ಕೊಂಡು ಬರ್ತಿದ್ಲು ಅನ್ನೋದು ನಂಗೆ ಗೊತ್ತಾಗಿದ್ದೇ ಆಗ. ಸೊನ್ನೆ ಟಿಕೆಟ್ ಹಿಡ್ಕೊಂಡು ಕೂತಾಗ ಅವಳ ಮುಖ ನೋಡ್ಬೇಕಿತ್ತು. ಟಿಕೆಟ್ ದುಡ್ಡಿನ ತೊಂದ್ರೆ ಹೆಂಗಸರಿಗೆ ನಮ್ಮ ರಾಜ್ಯದಲ್ಲಿ ಹೋಯ್ತು ಅಂತಾನೇ ಇಟ್ಕೊಳ್ಳಿ, ಆದ್ರೂ ನನ್ನಂಥ ಎಷ್ಟೋ ಜನ ಯಾಕೆ ಸಾಲ ಮಾಡಿ ಸ್ಕೂಟಿ ತಗೋತಾರೆ? ಬಸ್ ಇಳಿದ್ಮೇಲಿನ ಅರ್ಧ ಕಿಲೋಮೀಟರಿಗೋಸ್ಕರ.

ನಾನಿಳಿಯೋ ಸ್ಟಾಪಿಂದ ಮನೆಗೆ ಎಂಟು ನಿಮಿಷದ ದಾರಿ. ಚರಂಡಿ ಮೇಲಿನ ಕಲ್ಲೇ ಫುಟ್‌ಪಾತು, ಅದರಲ್ಲಿ ಎರಡು ಕಡೆ ಕಲ್ಲೇ ಇಲ್ಲ, ಒಂದು ಕಡೆ ಕರೆಂಟಿನ ಡಬ್ಬ ಅಡ್ಡ, ಒಂದು ಮನೆಯೋರು ಕಾರ್ ಹತ್ಸೋಕೆ ಇಳಿಜಾರು ಕಟ್ಕೊಂಡಿದ್ದಾರೆ ಅಲ್ಲಿ ರಸ್ತೆಗೇ ಇಳೀಬೇಕು. ಬೀದಿ ದೀಪ ಮರದ ಕೊಂಬೆ ಒಳಗೆ. ಮೊಬೈಲ್ ಟಾರ್ಚ್ ಹಾಕ್ಕೊಂಡು, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ ಎತ್ಕೊಂಡು, ಎದುರಿಗೆ ಬರೋ ಬೈಕಿನ ಲೈಟ್ ಕಣ್ಣಿಗೆ ಹೊಡೀತಿರೋವಾಗ ಆ ಕಲ್ಲಿಲ್ಲದ ಜಾಗ ಎಲ್ಲಿ ಅಂತ ಲೆಕ್ಕ ಹಾಕ್ಕೊಂಡು ಹೋಗೋದು. ನನ್ನ ಜೊತೆಯವಳೊಬ್ಬಳು ಇಂಥದ್ದೇ ಜಾಗದಲ್ಲಿ ಕಾಲು ಸಿಕ್ಕಿಸ್ಕೊಂಡು ಹಿಮ್ಮಡಿ ಮುರ್ಕೊಂಡ್ಲು, ಆರು ವಾರ ರಜೆ. ಮೇಲೆದ್ದ ತಕ್ಷಣ ಸ್ಕೂಟಿ ತಗೊಂಡ್ಲು. ಅವಳಿಗೆ ನಾನು ಬಸ್ಸಲ್ಲಿ ಬಾ ಅಂತ ಯಾವ ಬಾಯಲ್ಲಿ ಹೇಳ್ಲಿ?

ಇನ್ನೊಂದು, ಗಂಡಸರ ಓಡಾಟ ಮನೆಯಿಂದ ಆಫೀಸು, ಆಫೀಸಿಂದ ಮನೆ. ನಮ್ದು ಹಂಗಲ್ಲ, ಮಗು ಸ್ಕೂಲು, ಅತ್ತೆ ಮಾತ್ರೆ, ತರಕಾರಿ, ಆಮೇಲೆ ಕೆಲ್ಸ. ಒಂದೇ ಸಲಕ್ಕೆ ನಾಲ್ಕು ಕಡೆ ನಿಲ್ಲಬೇಕು, ಎಲ್ಲಾ ಎರಡು ಕಿಲೋಮೀಟರ್ ಒಳಗೇ. ಅದಕ್ಕೆ ಬಸ್ಸಿಗಿಂತ ನಡೆಯೋಕೆ ದಾರಿ ಬೇಕು. ನಿಮ್ಮ ಪತ್ರದಲ್ಲಿ ಮೊದಲ ಸಾಲು ಫುಟ್‌ಪಾತೇ ಇರ್ಲಿ ಅಣ್ಣ. ಊರಿಗೆಲ್ಲ ಕೇಳ್ಬೇಡಿ, ಪ್ರತಿ ಬಸ್ ಸ್ಟಾಪಿನ ಸುತ್ತ 500 ಮೀಟರಿಗೆ ಮಾತ್ರ ಕೇಳಿ, ಅದು ಕೊಡೋಕಾಗಲ್ಲ ಅಂತ ಯಾರೂ ಹೇಳೋಕಾಗಲ್ಲ.

---

ಉಣಕಲ್_ಕೆರಿ_ದಂಡಿ

ನಮಸ್ಕಾರ್ರಿ, ಹುಬ್ಬಳ್ಳಿಯಿಂದ. ಬಸ್ ಲೇನಿನ ಮಾತು ಬಂತು ಅಂತ ಬರಿಯಾಕತ್ತೇನಿ, ಯಾಕಂದ್ರ ಇಡೀ ರಾಜ್ಯದಾಗ ಅದನ್ನ ನೆಟ್ಟಗ ಕಟ್ಟಿ ತೋರ್ಸಿದ್ದು ನಮ್ಮ ಹುಬ್ಬಳ್ಳಿ-ಧಾರವಾಡನ.

ನಮ್ಮಲ್ಲೆ ಚಿಗರಿ ಬಸ್ 2018ರ ಅಕ್ಟೋಬರ್‌ದಾಗ ಓಡಾಕ ಚಾಲೂ ಆದ್ವು, 2020ರ ಫೆಬ್ರುವರಿಯಾಗ ಉದ್ಘಾಟನಾ ಆತು. ಎರಡೂ ಊರ ನಡುವ ಸುಮಾರು 22 ಕಿಲೋಮೀಟರ್. ರಸ್ತಾದ ನಟ್ಟನಡುವ ಬಸ್ಸಿಗೇ ಬ್ಯಾರೆ ದಾರಿ, ನಡುವನ ಸ್ಟೇಷನ್ನು, ಟಿಕೆಟ್ ಒಳಗ ಹೋಗೂ ಮುಂದನ ತಗೊಂಡಿರಬೇಕು. ಒಂದು ಬಸ್ ನಿಂತಿದ್ರ ಹಿಂದಿನ ಎಕ್ಸ್‌ಪ್ರೆಸ್ ಬಸ್ ಅದನ್ನ ದಾಟಿ ಹೋಗೂ ಹಂಗ ಜಾಗಾನೂ ಬಿಟ್ಟಾರ.

ನಮ್ಮವ್ವಗ ಎರಡೂ ಮೊಣಕಾಲು ಬ್ಯಾನಿ. ಮೊದಲಿನ ಬಸ್ಸಿಗೆ ಹತ್ತಬೇಕಾದ್ರ ಮೂರು ಮೆಟ್ಟಲಾ, ಆ ಕಬ್ಬಣದ ಸರಳು ಹಿಡ್ಕೊಂಡು, ಹಿಂದಿನಿಂದ ನಾ ದೂಡಬೇಕು, ಮ್ಯಾಲೆ ಯಾರರೆ ಕೈ ಹಿಡದು ಎಳೀಬೇಕು. ಅದಕ್ಕ ಅಂಜಿ ಧಾರವಾಡದಾಗಿನ ತಂಗಿ ಮನಿಗೆ ಹೋಗೂದನ್ನ ಬಿಟ್ಟಿದ್ಲು. ಚಿಗರಿ ಬಂದಮ್ಯಾಲೆ ಸ್ಟೇಷನ್ ಕಟ್ಟಿ ಮತ್ತ ಬಸ್ಸಿನ ನೆಲ ಎರಡೂ ಸರಿಸಮ, ಬಾಗ್ಲಾ ತಗದ ಕೂಡ್ಲೆ ಪಡಸಾಲಿಯಿಂದ ಅಡಗಿಮನಿಗೆ ಹೋದಂಗ ನಡಕೊಂಡು ಒಳಗ ಹೋದ್ಲು. ಆಮ್ಯಾಲೆ ಒಬ್ಬಾಕಿನ ಹೋಗಾಕ ಚಾಲೂ ಮಾಡಿದ್ಲು. ಎ.ಸಿ. ಐತಿ ಅದು ಐತಿ ಇದು ಐತಿ ಅಂತ ಮಂದಿ ಹೇಳ್ತಾರ, ನನಗ ಅದರಾಗಿನ ದೊಡ್ಡ ವಿಷಯ ಅಂದ್ರ ಈ ಸರಿಸಮ ನೆಲ.

ಆದ್ರ ಕಲಿಯೂದೂ ಐತ್ರಿ. ಸ್ಟೇಷನ್ ರಸ್ತಾದ ನಡುವ ಇರೂದ್ರಿಂದ ಅಲ್ಲಿ ಮುಟ್ಟಬೇಕಂದ್ರ ಅರ್ಧಾ ರಸ್ತಾ ದಾಟಬೇಕು, ದಾಟೂ ಕಡೆ ಸಿಗ್ನಲ್ ಚಲೋ ಇರಲಿಲ್ಲ ಅಂದ್ರ ಚಲೋ ಬಸ್ ಇದ್ದೂ ಉಪಯೋಗಿಲ್ಲ. ಊರೊಳಗ ಬ್ಯಾರೆ ದಾರಿ ಮುಗದ ಕೂಡ್ಲೆ ಚಿಗರಿನೂ ಎಲ್ಲಾರ ಕೂಡ ಟ್ರಾಫಿಕ್ಕಿನ್ಯಾಗ ನಿಲ್ಲಬೇಕು, ಅಂದ್ರ ಯಾವ ಜಾಗಾದಾಗ ಲೇನ್ ಭಾಳ ಬೇಕೋ ಅಲ್ಲೇ ಇಲ್ಲ. ಮತ್ತ ಬಾಜೂ ರಸ್ತಾದಾಗ ಗಾಡಿ ತುಂಬಿದಾಗೆಲ್ಲಾ "ನಡುವ ಖಾಲಿ ಬಿದ್ದೈತಿ, ನಮಗೂ ಬಿಡ್ರಿ" ಅಂತ ಕೂಗು ಏಳತೈತಿ. ಖಾಲಿ ಕಾಣೂದು ಬಸ್ ಹೋಗಿಬಿಟ್ಟಿರತೈತಿ ಅಂತ, ಒಂದ್ ಬಸ್ಸಿನ್ಯಾಗ ಅರವತ್ತು ಮಂದಿ ಹೋಗಿರ್ತಾರ, ಇದನ್ನ ದಿನಾ ತಿಳಿಸಿ ಹೇಳೂ ಮಂದಿ ಬೇಕು.

ಮೈಸೂರಾಗ ಇಷ್ಟು ದೊಡ್ಡದು ಈಗ ಬ್ಯಾಡ. ಸ್ಟಾಪಿನ ಕಟ್ಟಿ ಎತ್ತರ ಮಾಡೂದು, ತಗ್ಗಿನ ನೆಲದ ಬಸ್ ತರೂದು ಇಷ್ಟರೆ ಕೇಳ್ರಿ. ನಿಮ್ಮ ಅಪ್ಪಾರಿಗೂ ಅನುಕೂಲ ಆಗತೈತಿ.

---

ಅರಸು_ರೋಡ್_ಅಂಗಡಿ

ನಾನು ವಿರುದ್ಧ ಅಂತ ಅಂದ್ಕೋಬೇಡಿ, ಆದ್ರೆ ವ್ಯಾಪಾರದೋರ ಮಾತೂ ಕೇಳಿ. ದೇವರಾಜ ಅರಸು ರಸ್ತೇಲಿ ನಂದು ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಪಾರ್ಕಿಂಗ್ ತೆಗೀತಾರೆ ಅಂದ ತಕ್ಷಣ ನಮಗೆ ಎದೆ ಝಲ್ ಅನ್ನುತ್ತೆ. ಗಿರಾಕಿ ಗಾಡಿ ನಿಲ್ಸೋಕೆ ಜಾಗ ಇಲ್ಲ ಅಂದ್ರೆ ಮಾಲ್‌ಗೆ ಹೋಗ್ತಾರೆ, ಅಲ್ಲಿ ನೆಲಮಾಳಿಗೆ ಇದೆ. ಬಾಡಿಗೆ, ಮೂರು ಜನ ಹುಡುಗರ ಸಂಬಳ ನಾನು ಯಾವ್ದ್ರಲ್ಲಿ ಕೊಡ್ಲಿ?

ಆದ್ರೆ ಈ ಥ್ರೆಡ್ ಓದ್ತಾ ಎರಡು ವಿಷಯ ಮನಸ್ಸಿಗೆ ಬಂತು, ಮುಚ್ಚಿಡೋಕೆ ಮನಸ್ಸಿಲ್ಲ. ನಿನ್ನೆ ಬೆಳಿಗ್ಗೆ ಶಟರ್ ಎತ್ತಿದಾಗ ನೋಡ್ದೆ, ನಮ್ಮ ಸಾಲಿನ ಮುಂದೆ ಹತ್ತು ಗಂಟೆಗೇ ಟೂ ವೀಲರ್ ತುಂಬಿತ್ತು. ಗಿರಾಕಿ ಬರೋದು ಹನ್ನೊಂದರ ಮೇಲೆ. ಅವೆಲ್ಲ ನಮ್ದೇ, ಮಾಲೀಕರದ್ದು, ಹುಡುಗರದ್ದು, ರಾತ್ರಿ ತನಕ ಅಲ್ಲಾಡಲ್ಲ. ಗಿರಾಕಿಗೆ ಜಾಗ ಬೇಕು ಅಂತ ನಾವು ಹಿಡ್ಕೊಂಡಿರೋ ಜಾಗದಲ್ಲಿ ನಾವೇ ನಿಂತಿದೀವಿ.

ಎರಡ್ನೇದು ದಸರಾ. ದಸರಾದಲ್ಲಿ ಪೊಲೀಸ್ನೋರು ಅರಮನೆ ಸುತ್ತ ರಸ್ತೆಗಳ್ನ ಒನ್ ವೇ ಮಾಡ್ತಾರೆ, ಎಷ್ಟೋ ಕಡೆ ಪಾರ್ಕಿಂಗ್ ನಿಲ್ಲಿಸ್ತಾರೆ, ಜನ ದೂರ ಗಾಡಿ ಬಿಟ್ಟು ದೀಪ ನೋಡ್ತಾ ನಡ್ಕೊಂಡು ಬರ್ತಾರೆ. ವರ್ಷದಲ್ಲಿ ನಮ್ಮ ವ್ಯಾಪಾರ ಚೆನ್ನಾಗಾಗೋ ದಿನಗಳು ಅವೇ. ಹೌದು, ಅದು ಟೂರಿಸ್ಟ್ ಜನ, ಹಬ್ಬದ ಜನ, ಮಾಮೂಲಿ ಮಂಗಳವಾರಕ್ಕೆ ಹೋಲಿಸೋಕಾಗಲ್ಲ. ಆದ್ರೂ ನಡ್ಕೊಂಡು ಬರೋರು ಅಂಗಡಿ ಒಳಗೆ ಕಣ್ಣು ಹಾಯ್ಸಿ ಹೋಗ್ತಾರೆ, ಗಾಡೀಲಿ ಹೋಗೋರು ನೋಡಲ್ಲ, ಇದು ನಾನು ಕ್ಯಾಶಲ್ಲಿ ಕೂತು ಕಂಡಿದ್ದು.

ಮಾಲು ಇಳಿಸೋಕೆ ಬೆಳಿಗ್ಗೆ ಹತ್ತರ ತನಕ ಬಿಡ್ಬೇಕು, ಅಂಗಡಿ ಹುಡುಗರಿಗೆ ಬಂದು ಹೋಗೋಕೆ ಬಸ್ ಇರ್ಬೇಕು, ಗಂಟೆ ಲೆಕ್ಕದಲ್ಲಿ ಪಾರ್ಕಿಂಗ್ ದುಡ್ಡು ಹಾಕಿದ್ರೆ ಆ ದುಡ್ಡು ನಮ್ಮ ರಸ್ತೆಗೇ ಖರ್ಚಾಗ್ಬೇಕು. ಈ ಮೂರಿದ್ರೆ ನಾನು ನಮ್ಮ ಅಸೋಸಿಯೇಷನಲ್ಲಿ ಮಾತಾಡ್ತೀನಿ.

---

ನಂಜನಗೂಡು_ಟು_ಗ್ರೋನಿಂಗನ್

ಅಂಗಡಿ ಸಾರ್, ನಿಮ್ಮ ದಸರಾ ಮಾತು ಓದಿ ತಕ್ಷಣ ಬರೆಯೋಕೆ ಕೂತೆ, ಯಾಕಂದ್ರೆ ನಾನು ಆರು ವರ್ಷದಿಂದ ಇರೋ ಊರು ಬದಲಾಗಿದ್ದು ಹೆಚ್ಚು ಕಮ್ಮಿ ಹಂಗೇ.

ನೆದರ್ಲೆಂಡ್ಸ್ ಅಂದ್ರೆ ಮೊದ್ಲಿಂದಾನೂ ಸೈಕಲ್ ದೇಶ ಅಂತ ನಾವು ಅಂದ್ಕೊಂಡಿರ್ತೀವಿ. ಅದು ಅರ್ಧ ಸತ್ಯ. ಯುದ್ಧ ಆದ್ಮೇಲೆ ಇವರೂ ಕಾರಿನ ಹಿಂದೆ ಹೋದ್ರು, ಚೌಕಗಳೆಲ್ಲ ಪಾರ್ಕಿಂಗ್ ಆಗಿದ್ವು. 1971ರಲ್ಲಿ ಈ ಪುಟ್ಟ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ರು, ಅದ್ರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ರಸ್ತೆಗಿಳಿದ್ರು, ಮಕ್ಕಳ ಕೊಲೆ ನಿಲ್ಸಿ ಅನ್ನೋದೇ ಚಳವಳಿ ಹೆಸರು. 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಕೆಲವು ಭಾನುವಾರ ಕಾರೇ ಓಡಿಸ್ಬಾರ್ದು ಅಂದ್ರು. ಅಲ್ಲಿಂದ ತಿರುಗ್ತು.

ನಾನಿರೋ ಗ್ರೋನಿಂಗನ್ ಮಾಡಿದ್ದು ಇದು. 1977ರ ಸೆಪ್ಟೆಂಬರಲ್ಲಿ ಊರ ನಡುಭಾಗನ ನಾಲ್ಕು ತುಂಡು ಮಾಡಿದ್ರು. ಕಾರು ಯಾವ ತುಂಡಿಗೆ ಬೇಕಾದ್ರೂ ಬರಬಹುದು, ಆದ್ರೆ ಒಂದರಿಂದ ಇನ್ನೊಂದಕ್ಕೆ ಅಡ್ಡ ಹಾಯೋಕಾಗಲ್ಲ, ಹೊರಗಿನ ರಿಂಗ್ ರೋಡಿಗೆ ಹೋಗಿ ಸುತ್ಕೊಂಡು ಬರ್ಬೇಕು. ನಡೆಯೋರು, ಸೈಕಲ್ಲು, ಬಸ್ಸು ನೇರ ಹೋಗಬಹುದು. ಅಷ್ಟೇ. ದೊಡ್ಡ ಕಟ್ಟಡ ಏನೂ ಕಟ್ಲಿಲ್ಲ, ಹೆಚ್ಚಿನದು ಒನ್ ವೇ ಬೋರ್ಡು, ಅಡ್ಡಗಟ್ಟೆ. ಇದನ್ನ ಮುಂದೆ ನಿಂತು ಮಾಡ್ಸಿದ್ದು ನಗರ ಆಡಳಿತದಲ್ಲಿದ್ದ ಮ್ಯಾಕ್ಸ್ ಫಾನ್ ಡೆನ್ ಬರ್ಗ್ ಅಂತ, ಆಗ ಅವರಿಗೆ ಮೂವತ್ತರ ಆಸುಪಾಸು ವಯಸ್ಸು. ಅಂಗಡಿಯೋರು ತೀವ್ರವಾಗಿ ವಿರೋಧ ಮಾಡಿದ್ರು, ನಿಮ್ಮ ಎದೆ ಝಲ್ ಅಂದ ಹಂಗೇ. ಇವತ್ತು ಈ ಊರೊಳಗಿನ ಓಡಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಸೈಕಲ್ಲಲ್ಲೇ.

ನಾನು ಕಾರ್ ಇಟ್ಕೊಂಡಿಲ್ಲ. ಪರಿಸರ ಉಳಿಸ್ತೀನಿ ಅಂತ ಅಲ್ಲ, ನಮ್ಮನೆಯಿಂದ ಮಾರ್ಕೆಟ್ಟಿಗೆ ಸೈಕಲ್ಲಲ್ಲಿ ಆರು ನಿಮಿಷ, ಕಾರಲ್ಲಾದ್ರೆ ಹದಿನೈದು. ಚಳಿ ಮಳೆ ಎದುರುಗಾಳಿ ಎಲ್ಲಾ ಇದೆ ಇಲ್ಲಿ, ಮೈಸೂರಿನ ಹವಾ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಅಂಥಾ ಹವಾ ಇಟ್ಕೊಂಡು ನಾವು ಸೈಕಲ್ ಬಿಟ್ವಲ್ಲ ಅಂತ. ನನ್ನ ಮಗ ಹನ್ನೊಂದನೇ ವಯಸ್ಸಿಗೆ ಸ್ಕೂಲಲ್ಲೇ ಟ್ರಾಫಿಕ್ ಪರೀಕ್ಷೆ ಬರೆದ, ರಸ್ತೆ ಮೇಲೆ ಸೈಕಲ್ ಓಡಿಸಿ ತೋರಿಸ್ಬೇಕು, ಕೈ ಚಾಚಿ ಸಿಗ್ನಲ್ ಕೊಡ್ಬೇಕು, ಹಿಂದೆ ತಿರುಗಿ ನೋಡ್ಬೇಕು. ಅವನು ಒಬ್ನೇ ಸ್ಕೂಲಿಗೆ ಹೊರಟ ಮೊದಲ ದಿನ ನಾನು ಬಾಗಿಲಲ್ಲಿ ನಿಂತೇ ಇದ್ದೆ, ನಮ್ಮಮ್ಮ ನಂಜನಗೂಡಲ್ಲಿ ನನ್ನ ಕಳಿಸಿ ನಿಲ್ತಿದ್ದ ಹಂಗೆ.

ಮೈಸೂರಿಗೆ ನೋಡಿ, ಸಯ್ಯಾಜಿರಾವ್ ರಸ್ತೆ, ಅರಸು ರಸ್ತೆ, ದೇವರಾಜ ಮಾರ್ಕೆಟ್, ಅಶೋಕ ರಸ್ತೆ ಸುತ್ತ ಗಾಡಿ ಒಳಗೆ ಬರಬಹುದು ಆದ್ರೆ ಅಡ್ಡ ಹಾಯೋಕೆ ಬಿಡಲ್ಲ ಅನ್ನೋ ಪ್ಲಾನ್ ದಸರಾದಲ್ಲಿ ಪೊಲೀಸರ ಕೈಯಲ್ಲಿ ಆಗ್ಲೇ ಅರ್ಧ ಇದೆ. ಬ್ಯಾರಿಕೇಡ್ ಎಲ್ಲಿ ಇಡ್ಬೇಕು, ಬಸ್ ಎಲ್ಲಿ ತಿರುಗ್ಬೇಕು ಅವರಿಗೆ ಗೊತ್ತು. ದಸರಾ ಮುಗಿದ್ಮೇಲೆ ಎರಡು ತಿಂಗಳು ಪೇಟೆ ಭಾಗದಲ್ಲಿ ಮಾತ್ರ ಮುಂದುವರಿಸಿ ನೋಡಿ ಅಂತ ಕೇಳಿ. ಸರಿ ಬರ್ಲಿಲ್ಲ ಅಂದ್ರೆ ಬ್ಯಾರಿಕೇಡ್ ತೆಗೆದ್ರಾಯ್ತು, ಫ್ಲೈಓವರ್ ಕಟ್ಟಿದ್ಮೇಲೆ ತೆಗೆಯೋಕಾಗುತ್ತಾ?

---

ವರ್ಕ್‌ಶಾಪ್_ಮಗ

ಎಲ್ಲರಿಗೂ ಮನಸ್ಸಿಂದ ಥ್ಯಾಂಕ್ಸ್. ಮೂರು ದಿನ ಆಯ್ತು, ಓದಿ ಓದಿ ಪತ್ರ ಪೂರ್ತಿ ತಿರುಗಿಸಿ ಬರೆದೆ. ನಾನು ರಿಂಗ್ ರೋಡ್ ಬಸ್ಸೇ ಮೊದಲು ಅಂತ ಬರೆದಿದ್ದೆ, ಯಾಕಂದ್ರೆ ಅದು ನನ್ನ ಕಷ್ಟ. ಸಿಸ್ಟರ್ ಬರೆದಿದ್ದು ಓದಿದ್ಮೇಲೆ ಭಾನುವಾರ ಬೆಳಿಗ್ಗೆ ಅಪ್ಪನ್ನ ಕರ್ಕೊಂಡು ನಮ್ಮ ಮೇನ್ ರೋಡಿಗೆ ಹೋದೆ, ಮೊಬೈಲಲ್ಲಿ ಟೈಮ್ ಇಟ್ಕೊಂಡೆ. ಗಾಡಿ ನಡುವೆ ಸಂದು ಸಿಗೋಕೆ ನಾಲ್ಕು ನಿಮಿಷ ನಿಂತ್ರು, ಭಾನುವಾರ ಅದು. ದಾಟೋಕೆ ತಗೊಂಡಿದ್ದು 19 ಸೆಕೆಂಡ್. ಅಪ್ಪನ ಕಾಲಿನ ಲೆಕ್ಕದ ಪ್ರಕಾರ ಸಿಗ್ನಲ್ ಇಡ್ಬೇಕು ಅಂತ ಅದನ್ನೇ ಪತ್ರದ ಮೊದಲ ಸಾಲು ಮಾಡಿದೀನಿ, ಸ್ಟಾಪಿನ ಸುತ್ತ 500 ಮೀಟರ್ ಫುಟ್‌ಪಾತು, ದೀಪ, ದಾಟೋ ಜಾಗ, ಅದರ ಜೊತೆಗೆ.

ಆಮೇಲೆ ಶ್ರೀರಾಂಪುರ, ಬೋಗಾದಿ, ಹಿನಕಲ್, ಹೆಬ್ಬಾಳ್ ಬಸ್ಸು, ಶಿಫ್ಟ್ ಶುರುವಾಗೋ, ಬಿಡೋ ಹೊತ್ತಿಗೆ ಹತ್ತು ನಿಮಿಷಕ್ಕೊಂದು, ಕೊನೇದು ರಾತ್ರಿ ಹತ್ತೂವರೆಗೆ. ಕಿಟ್ಟಣ್ಣನ ಮಾತಿಗೆ ಅದು. ಎತ್ತರದ ಸ್ಟಾಪ್ ಕಟ್ಟೆ ಸೇರಿಸಿದೀನಿ. ಅರಸು ರಸ್ತೆ ಪಾರ್ಕಿಂಗ್ ಶುಲ್ಕ ಬಸ್ ಬಂದು ಆರು ತಿಂಗಳಾದ್ಮೇಲೆ ಮಾತ್ರ, ಅಂಗಡಿ ಸಾರ್ ಹೇಳಿದ ಮೂರು ಷರತ್ತನ್ನ ಅವರ ಮಾತಲ್ಲೇ ಹಾಕಿದೀನಿ. ದಸರಾ ವ್ಯವಸ್ಥೆ ಎರಡು ತಿಂಗಳು ಮುಂದುವರಿಸೋದು ಕೊನೇ ಕೋರಿಕೆ. ಮೀಟಿಂಗಲ್ಲಿ ಪ್ರಶ್ನೆ ಕೇಳಿದ್ರಲ್ಲ ಹಿರಿಯರು, ಅವರಿಗೆ ಕಳಿಸ್ದೆ. ಫ್ಲೈಓವರ್ ಸಾಲು ತೆಗೆದಿದ್ದು ಯಾಕೆ ಅಂತ ಕೇಳಿದ್ರು, ಮಾತಾಡಿದ್ವಿ, ಇನ್ನೂ ಪೂರ್ತಿ ಒಪ್ಪಿಲ್ಲ, ಆದ್ರೆ ದಾಟೋ ಸಿಗ್ನಲ್ಲಿಗೆ ಮೊದಲ ಸಹಿ ಅವ್ರದ್ದೇ.

ಒಂದು ಸಹಾಯ ಬೇಕು. ಬಸ್ ಕೇಳೋದಕ್ಕೆ ಲೆಕ್ಕ ಬೇಕಲ್ಲ, ಅದಕ್ಕೆ ಬರೋ ಶನಿವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ಬೋಗಾದಿ ಜಂಕ್ಷನಲ್ಲಿ ಹೆಬ್ಬಾಳ್ ಕಡೆ ಹೋಗೋ ಟೂ ವೀಲರ್, ಕಾರು, ಕಂಪನಿ ಬಸ್ಸು, ಒಂದೊಂದ್ರಲ್ಲಿ ಎಷ್ಟು ಜನ ಅಂತ ಎಣಿಸ್ತೀವಿ. ಈಗ ನಾವು ಮೂರು ಜನ ಇದೀವಿ, ನಾನು, ಮಗಳು, ಪಕ್ಕದ್ಮನೆ ಹುಡುಗ. ಕಮ್ಮಿ ಅಂದ್ರೂ ಆರು ಜನ ಬೇಕು. ದಟ್ಟಗಳ್ಳಿ, ರಾಮಕೃಷ್ಣನಗರ, ಬೋಗಾದಿ ಕಡೆ ಇರೋರು ಯಾರಾದ್ರೂ ಬಂದ್ರೆ ಇಲ್ಲೇ ಕೆಳಗೆ ಬರೀರಿ. ನೋಟ್‌ಬುಕ್ಕು, ಪೆನ್ನು, ಕಾಫಿ ನಾನು ತರ್ತೀನಿ. ಹುಬ್ಬಳ್ಳಿ ಅಣ್ಣ, ನಿಮ್ಮ ಸ್ಟೇಷನ್ ಕಟ್ಟೆ ನೆಲದಿಂದ ಎಷ್ಟು ಎತ್ತರ ಇದೆ ಅಂತ ಒಂದ್ಸಲ ಟೇಪ್ ಹಿಡಿದು ನೋಡಿ ಹೇಳ್ತೀರಾ?